ಅಣುಬಾಂಬ್ ಹಾಕಲು ಒಬ್ಬರ ಮಾತು ಸಾಕಾ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಮೊನ್ನೆ ಶಾಸಕಾಂಗ, ಕಾರ್ಯಾಂಗದ ಪಾಠ ನಡೆದಿತ್ತು. ಸರ್ಕಾರ ಒಂದು ರೂಪಾಯಿ ಖರ್ಚು ಮಾಡಬೇಕಾದರೂ ಸಂಸತ್ತಿನ ಒಪ್ಪಿಗೆ ಬೇಕು ಅಂತ ಹೇಳುತ್ತಿದ್ದೆ. ಒಬ್ಬಳು ಹುಡುಗಿ ಎದ್ದು ನಿಂತು, "ಹಾಗಾದ್ರೆ ಅಣುಬಾಂಬ್ ಹಾಕೋಕೆ ಯಾರನ್ನ ಕೇಳ್ತಾರೆ ಟೀಚರ್?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಓದಿದೆ. ಒಂದು ಕಡೆ ಅಮೆರಿಕದ ಅಧ್ಯಕ್ಷರ ಹತ್ತಿರ ಬಟನ್ ಇರುತ್ತದೆ ಅಂತಿದೆ. ಇನ್ನೊಂದು ಕಡೆ ಸೇನಾಧಿಕಾರಿಗಳು ತಡೆಯಬಹುದು ಅಂತಿದೆ. ಯಾವುದು ನಿಜ? ವಿವೇಕ ತಪ್ಪಿದ ನಾಯಕರೊಬ್ಬರು ಆದೇಶ ಕೊಟ್ಟರೆ ತಡೆಯುವವರು ಇದ್ದಾರಾ? ಓಟು ಹಾಕುವ ಜನರಿಗೆ ಇದರ ಮೇಲೆ ಯಾವ ಹಿಡಿತವೂ ಇಲ್ಲವಾ? ಎರಡು ರಾತ್ರಿ ಇದೇ ಯೋಚನೆಯಲ್ಲಿ ಕಳೆದೆ.

ಉತ್ತರ: ಮೇಡಂ, ನಿಮ್ಮ ವಿದ್ಯಾರ್ಥಿನಿ ಕೇಳಿದ್ದು ಈ ಇಡೀ ವಿಷಯದ ಮೂಲ ಪ್ರಶ್ನೆ. ನಾನು ಶಸ್ತ್ರ ನಿಯಂತ್ರಣದ ವಿಷಯ ಓದುತ್ತ, ಕಲಿಸುತ್ತ ಬಹಳ ವರ್ಷ ಕಳೆದಿದ್ದೇನೆ. ಅಷ್ಟು ನೇರವಾಗಿ ಅದನ್ನು ಕೇಳಿದವರು ಕಡಿಮೆ.

ನಿಮ್ಮ ಪತ್ರದಲ್ಲಿ ಎರಡು ಭಯಗಳು ಕಲಸಿಕೊಂಡಿವೆ. ಮೊದಲು ಬಿಡಿಸೋಣ. ಒಂದು, ನಾಯಕರಿಗೆ ಗೊತ್ತಿಲ್ಲದೆ ಕೆಳಗಿನ ಯಾರೋ ಬಾಂಬ್ ಬಳಸಿಬಿಟ್ಟರೆ ಎಂಬ ಭಯ. ಇನ್ನೊಂದು, ನಾಯಕರೇ ತಪ್ಪು ಆದೇಶ ಕೊಟ್ಟರೆ ಎಂಬ ಭಯ. ಮೊದಲನೆಯದಕ್ಕೆ 80 ವರ್ಷಗಳಲ್ಲಿ ಬಹಳ ಕೆಲಸ ಆಗಿದೆ. ಎರಡನೆಯದಕ್ಕೆ ಆಗಿರುವುದು ಅತಿ ಕಡಿಮೆ. ಬೀಗ ಎಲ್ಲ ಕೆಳಗಿನವರಿಗೆ. ಬೀಗದ ಕೈ ಹಿಡಿದವರಿಗೆ ಬೀಗ ಇಲ್ಲ.

ಬಟನ್ ಕಥೆಯಿಂದ ಶುರು ಮಾಡುತ್ತೇನೆ. ಬಟನ್ ಇಲ್ಲ. ಅಮೆರಿಕದ ಅಧ್ಯಕ್ಷರು ಎಲ್ಲಿಗೆ ಹೋದರೂ ಸೇನೆಯ ಒಬ್ಬ ಅಧಿಕಾರಿ ಒಂದು ಕಪ್ಪು ಚೀಲ ಹಿಡಿದು ಜೊತೆಗಿರುತ್ತಾರೆ. ಅದಕ್ಕೆ 'ಫುಟ್‌ಬಾಲ್' ಅಂತ ಅಡ್ಡಹೆಸರು. ಅದರೊಳಗೆ ದಾಳಿಯ ಯೋಜನೆಗಳ ಕಾಗದ, ಸಂಪರ್ಕದ ಸಾಧನ ಇರುತ್ತವೆ. ಅಧ್ಯಕ್ಷರ ಹತ್ತಿರ ಕೋಡ್ ಬರೆದ ಒಂದು ಕಾರ್ಡ್ ಇರುತ್ತದೆ. ಅದಕ್ಕೆ 'ಬಿಸ್ಕತ್ತು' ಅನ್ನುತ್ತಾರೆ. ಆ ಕೋಡ್ ಕ್ಷಿಪಣಿ ಹಾರಿಸುವುದಿಲ್ಲ. "ಮಾತಾಡುತ್ತಿರುವುದು ನಾನೇ" ಅಂತ ಸೇನೆಯ ಯುದ್ಧ ಕೊಠಡಿಗೆ ಸಾಬೀತು ಮಾಡಲು ಅಷ್ಟೇ ಅದು. ಕೋಡ್ ಹೊಂದಿದರೆ ಆದೇಶ ಕೆಳಗಿನ ತಂಡಗಳಿಗೆ ಹೋಗುತ್ತದೆ. ನೆಲದಡಿಯ ಕ್ಷಿಪಣಿ ಕೇಂದ್ರದಲ್ಲಿ ಇಬ್ಬರು ಅಧಿಕಾರಿಗಳು ಒಟ್ಟಿಗೆ ಕೀಲಿ ತಿರುಗಿಸಬೇಕು. ಒಬ್ಬರಿಂದ ಆಗದ ಕೆಲಸ.

ಇಲ್ಲಿ ಒಂದು ಮಾತು ಗಮನಿಸಿ. ಮೇಲಿನಿಂದ ಕೆಳಗಿನವರೆಗೆ ನಡೆಯುವ ಪರೀಕ್ಷೆ ಎಲ್ಲ, ಹೇಳಿದವರು ಯಾರು ಎಂಬುದನ್ನು ನೋಡುತ್ತದೆ. ಹೇಳಿದ್ದು ಸರಿಯಾ ಅಂತ ನೋಡುವುದಿಲ್ಲ. ರಕ್ಷಣಾ ಮಂತ್ರಿಯ ಒಪ್ಪಿಗೆ ಬೇಡ. ಉಪಾಧ್ಯಕ್ಷರದ್ದು ಬೇಡ. ಕಾಂಗ್ರೆಸ್ ಅಂದರೆ ಅಲ್ಲಿನ ಸಂಸತ್ತಿನದ್ದೂ ಬೇಡ, ನ್ಯಾಯಾಲಯದ್ದೂ ಬೇಡ. ಹಾಗಾಗಿ ಬಟನ್ ಎಂಬುದು ಸುಳ್ಳು, ಒಬ್ಬರ ಮಾತು ಸಾಕು ಎಂಬುದು ನಿಜ.

ಇದು ಹೀಗೆ ಯಾಕಾಯಿತು? ಈ ಅಧಿಕಾರ ಹುಟ್ಟಿದ್ದು ತಡೆಯುವುದಕ್ಕೆ. 1945ರ ಜುಲೈ 25ರಂದು ಅಮೆರಿಕದ ವಾಯುಪಡೆಗೆ ಹೋದ ಆದೇಶದಲ್ಲಿ, ಮೊದಲ ಬಾಂಬ್ ಹಾಕಿ, ಉಳಿದವು ತಯಾರಾದ ಹಾಗೆ ಹಾಕುತ್ತ ಹೋಗಿ ಎಂಬ ಅರ್ಥವಿತ್ತು. ಆಗಸ್ಟ್ 6ಕ್ಕೆ ಹಿರೋಶಿಮಾ. ಎರಡನೆಯ ಬಾಂಬ್ ಆಗಸ್ಟ್ 11ಕ್ಕೆ ಅಂತ ಇತ್ತು. ಹವಾಮಾನ ಕೆಡುವ ಸೂಚನೆ ಬಂದದ್ದರಿಂದ ಬಾಂಬ್ ವಿಮಾನಗಳು ಹೊರಡುತ್ತಿದ್ದ ಟಿನಿಯನ್ ದ್ವೀಪದಲ್ಲಿದ್ದ ಅಧಿಕಾರಿಗಳೇ ಅದನ್ನು 9ಕ್ಕೆ ಹಿಂದೆ ತಂದರು. ಅದಕ್ಕೆ ಅಧ್ಯಕ್ಷರಿಂದ ಬೇರೆ ಆದೇಶ ಬೇಕಾಗಲೇ ಇಲ್ಲ. ಮೊದಲ ಗುರಿ ಕೊಕುರಾ ಊರು ಸರಿಯಾಗಿ ಕಾಣದೆ ವಿಮಾನ ನಾಗಸಾಕಿಗೆ ತಿರುಗಿತು. ಮರುದಿನ, ಆಗಸ್ಟ್ 10ರಂದು, ಅಧ್ಯಕ್ಷ ಟ್ರೂಮನ್ ಇನ್ನು ತಮ್ಮ ಒಪ್ಪಿಗೆ ಇಲ್ಲದೆ ಒಂದು ಬಾಂಬೂ ಬೀಳಬಾರದು ಎಂದರು. ಇನ್ನೂ ಒಂದು ಲಕ್ಷ ಜನರನ್ನು ಇಲ್ಲವಾಗಿಸುವ ಯೋಚನೆಯೇ ಘೋರ ಅಂತ ಅವರು ಸಂಪುಟದಲ್ಲಿ ಹೇಳಿದ್ದನ್ನು ಮಂತ್ರಿ ಹೆನ್ರಿ ವಾಲೆಸ್ ತಮ್ಮ ದಿನಚರಿಯಲ್ಲಿ ಬರೆದಿದ್ದಾರೆ.

ಅಂದರೆ ಸೇನೆಯ ಕೈಯಿಂದ ಬಾಂಬನ್ನು ಕಿತ್ತು, ಜನ ಆರಿಸಿದವರ ಕೈಗೆ ಕೊಟ್ಟದ್ದು ಅದು. ಆಗಿನ ಮಟ್ಟಿಗೆ ಒಳ್ಳೆಯ ಕೆಲಸ. 1946ರ ಕಾನೂನು ಬಾಂಬ್‌ಗಳನ್ನು ನಾಗರಿಕ ಆಯೋಗವೊಂದರ ವಶಕ್ಕೇ ಕೊಟ್ಟಿತು. ಆಮೇಲೆ ಸೋವಿಯತ್ ಒಕ್ಕೂಟ ಬಾಂಬ್ ಮಾಡಿತು, ಕ್ಷಿಪಣಿಗಳು ಬಂದವು. ಖಂಡದಿಂದ ಖಂಡಕ್ಕೆ ಹಾರುವ ಕ್ಷಿಪಣಿಗೆ ಸುಮಾರು ಅರ್ಧ ಗಂಟೆ ಸಾಕು. ಹತ್ತಿರದ ಸಮುದ್ರದಿಂದ ಸಬ್‌ಮರೀನ್ ಹಾರಿಸಿದರೆ ಅದರ ಅರ್ಧ. ದಾಳಿಯ ಸುಳಿವು ಸಿಕ್ಕಿ, ಅದು ನಿಜವೇ ಅಂತ ನೋಡಿ, ನಾಯಕರಿಗೆ ವಿವರಿಸುವ ಹೊತ್ತಿಗೆ ಅವರಿಗೆ ಉಳಿಯುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಯಾವ ಸಂಸತ್ತನ್ನು ಸೇರಿಸುತ್ತೀರಿ? ಹೀಗೆ, ತಡೆಯಲೆಂದು ಒಬ್ಬರ ಕೈಗೆ ಕೊಟ್ಟ ಅಧಿಕಾರ ವೇಗಕ್ಕಾಗಿ ಒಬ್ಬರ ಕೈಯಲ್ಲೇ ಉಳಿಯಿತು.

ಈಗ ಬೀಗದ ಕಥೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. 1950ರ ದಶಕದ ಕೊನೆಗೆ ಅಮೆರಿಕ ತನ್ನ ಬಾಂಬ್‌ಗಳನ್ನು ಯುರೋಪಿನ ಮಿತ್ರದೇಶಗಳಲ್ಲಿ ಇಟ್ಟಿತ್ತು. ಕಾನೂನಿನ ಪ್ರಕಾರ ಅವು ಅಮೆರಿಕದ ವಶದಲ್ಲೇ ಇರಬೇಕು. 1960ರ ಕೊನೆಯಲ್ಲಿ ಕಾಂಗ್ರೆಸ್ಸಿನ ಅಣುಶಕ್ತಿ ಸಮಿತಿಯ ಕೆಲವು ಸದಸ್ಯರು ಖುದ್ದಾಗಿ ನೋಡಲು ಹೋದರು. ಬಾಂಬ್ ತಯಾರಿಸುವ ಲಾಸ್ ಅಲಾಮೋಸ್ ಪ್ರಯೋಗಾಲಯದ ವಿಜ್ಞಾನಿ ಹೆರಾಲ್ಡ್ ಆಗ್ನ್ಯೂ ಜೊತೆಗಿದ್ದರು. ಅವರು ಕಂಡದ್ದೇನು? ಮಿತ್ರದೇಶದ ಯುದ್ಧವಿಮಾನಗಳು ಅಮೆರಿಕದ ಬಾಂಬ್ ಹೊತ್ತು, ಮೇಲೇಳಲು ಸಿದ್ಧವಾಗಿ ನಿಂತಿದ್ದವು. 'ಅಮೆರಿಕದ ವಶ' ಅಂದರೆ ಅಲ್ಲಿ ಕೋವಿ ಹಿಡಿದು ನಿಂತಿದ್ದ ಒಬ್ಬ ಎಳೆಯ ಕಾವಲುಗಾರ. ಅಷ್ಟೇ.

ಸಮಿತಿಯವರು ವಾಪಸು ಬಂದು ಗಟ್ಟಿಯಾಗಿ ಬರೆದರು. ವಿಜ್ಞಾನಿಗಳು ಕೋಡ್ ಇಲ್ಲದೆ ತೆರೆಯದ ಬೀಗವೊಂದನ್ನು ಮಾಡಿ ತೋರಿಸಿದರು. 1962ರ ಜೂನ್‌ನಲ್ಲಿ ಅಧ್ಯಕ್ಷ ಕೆನಡಿ, ಯುರೋಪಿನಲ್ಲಿದ್ದ ಬಾಂಬ್‌ಗಳಿಗೆ ಅದನ್ನು ಹಾಕಲು ಆದೇಶ ಕೊಟ್ಟರು. ಸೇನೆಯಲ್ಲಿ ಹಲವರಿಗೆ ಅದು ಇಷ್ಟವಾಗಲಿಲ್ಲ. ಯುದ್ಧದ ಹೊತ್ತಿಗೆ ಬೀಗ ತೆರೆಯದಿದ್ದರೆ ಏನು ಗತಿ ಎಂಬುದು ಅವರ ವಾದ. ಈ ವಿಷಯದ ಒಳಗಿರುವ ಬಿಡಿಸಲಾಗದ ಗಂಟು ಅದು: ಬೇಕೆಂದಾಗ ಬಾಂಬ್ ಸಿಡಿಯಲೇಬೇಕು, ಬೇಡವೆಂದಾಗ ಯಾವ ಕಾರಣಕ್ಕೂ ಸಿಡಿಯಬಾರದು. ಒಂದನ್ನು ಬಿಗಿ ಮಾಡಿದರೆ ಇನ್ನೊಂದು ಸಡಿಲವಾಗುತ್ತದೆ.

ಅದೇ ಕಾಲದಲ್ಲಿ ಇನ್ನೊಂದು ಸಂಗತಿ ಗುಟ್ಟಾಗಿ ನಡೆದಿತ್ತು. ಅಧ್ಯಕ್ಷ ಐಸೆನ್‌ಹೋವರ್, ತಮ್ಮನ್ನು ಸಂಪರ್ಕಿಸಲು ಆಗದ ತುರ್ತಿನಲ್ಲಿ ಬಾಂಬ್ ಬಳಸುವ ಅಧಿಕಾರವನ್ನು ಕೆಲವು ಸೇನಾಪತಿಗಳಿಗೆ ಮುಂಚೆಯೇ ಕೊಟ್ಟಿದ್ದರು. ಜನರಿಗೆ ಅದರ ಕಾಗದ ಸಿಕ್ಕಿದ್ದು ದಶಕಗಳ ನಂತರ. ಅಧ್ಯಕ್ಷರ ಒಪ್ಪಿಗೆ ಇಲ್ಲದೆ ಏನೂ ಆಗದು ಅಂತ ನಂಬಿಕೊಂಡೇ ಒಂದು ಪೀಳಿಗೆ ಬದುಕಿತ್ತು.

ಬ್ರಿಟನ್ನಿನ ದಾರಿ ಬೇರೆ. ಅಲ್ಲಿನ ವಾಯುಪಡೆಯ ಡಬ್ಲ್ಯುಇ177 ಬಾಂಬನ್ನು ಸಜ್ಜುಗೊಳಿಸಲು 1998ರವರೆಗೂ ಬೇಕಿದ್ದದ್ದು ಸೈಕಲ್ ಬೀಗದ ಕೈಯಂಥ ಒಂದು ಸಾದಾ ಕೀಲಿ. ಅವರ ಸಬ್‌ಮರೀನ್‌ಗಳಿಗೆ ಹೊರಗಿನಿಂದ ಕೋಡ್ ಬರಲೇಬೇಕೆಂಬ ಬೀಗ ಇಲ್ಲ. ಹೊಸ ಪ್ರಧಾನಿ ಬಂದ ಕೂಡಲೇ ನಾಲ್ಕು ಸಬ್‌ಮರೀನ್‌ಗಳ ಕಮಾಂಡರ್‌ಗಳಿಗೆ ಕೈಯಾರೆ ಒಂದೊಂದು ಪತ್ರ ಬರೆಯುತ್ತಾರೆ. ದೇಶದ ಸರ್ಕಾರವೇ ನಾಶವಾಗಿದ್ದರೆ ಏನು ಮಾಡಬೇಕು ಅಂತ ಅದರಲ್ಲಿರುತ್ತದೆ. ಪ್ರಧಾನಿ ಬದಲಾದರೆ ಹಳೆಯ ಪತ್ರಗಳನ್ನು ಒಡೆಯದೆ ನಾಶ ಮಾಡುತ್ತಾರೆ. ಲಕ್ಷಾಂತರ ಜೀವಗಳ ಬಗ್ಗೆ ಒಬ್ಬರು ತೆಗೆದುಕೊಂಡ ತೀರ್ಮಾನ, ಆರಿಸಿದ ಜನರಿಗೆ ಎಂದೂ ಗೊತ್ತಾಗುವುದಿಲ್ಲ. ನನಗೆ ಇದು ಪ್ರತಿ ಸಲ ಓದಿದಾಗಲೂ ಕಸಿವಿಸಿ ಆಗುತ್ತದೆ.

ಭಾರತದ್ದು 2003ರ ಜನವರಿ 4ರಂದು ಪ್ರಕಟವಾದ ವ್ಯವಸ್ಥೆ. ಪ್ರಧಾನಿ ಮುಖ್ಯಸ್ಥರಾಗಿರುವ ರಾಜಕೀಯ ಮಂಡಳಿ ಮಾತ್ರ ಬಳಕೆಗೆ ಒಪ್ಪಿಗೆ ಕೊಡಬಹುದು. ರಾಷ್ಟ್ರೀಯ ಭದ್ರತಾ ಸಲಹೆಗಾರರ ಕಾರ್ಯಕಾರಿ ಮಂಡಳಿ ಅದಕ್ಕೆ ಮಾಹಿತಿ ಕೊಟ್ಟು, ಆದೇಶ ಜಾರಿ ಮಾಡುತ್ತದೆ. ತಾನಾಗಿ ಮೊದಲು ಬಳಸುವುದಿಲ್ಲ ಎಂಬ ನೀತಿಯೂ ಇದೆ. ಇಷ್ಟೆಲ್ಲ ಹೊರಬಂದದ್ದು ಸಂಪುಟ ಸಮಿತಿಯ ಒಂದು ಪ್ರಕಟಣೆಯಲ್ಲಿ, ಸಂಸತ್ತು ಮಾಡಿದ ಕಾನೂನಿನಲ್ಲಿ ಅಲ್ಲ. ಪಾಕಿಸ್ತಾನದಲ್ಲಿ 2010ರ ಕಾನೂನೇ ಇದೆ, ಅದರಲ್ಲೂ ಮುಖ್ಯಸ್ಥರು ಪ್ರಧಾನಿ. ಆದರೆ ದಿನನಿತ್ಯದ ಹಿಡಿತ ಸೇನೆಯದು. ಹಾಗಾಗಿ ಕಾನೂನು ಇದೆಯಾ ಎಂಬುದನ್ನು ಮಾತ್ರ ನೋಡಿದರೆ ಸಾಲದು.

ಇನ್ನು ನಿಮ್ಮ ಕಷ್ಟದ ಪ್ರಶ್ನೆ. ಬೇಲಿಯೇ ಎದ್ದು ಹೊಲ ಮೇಯ್ದರೆ?

1973ರಲ್ಲಿ ಅಮೆರಿಕದ ವಾಯುಪಡೆಯ ಮೇಜರ್ ಹೆರಾಲ್ಡ್ ಹೆರಿಂಗ್ ಕ್ಷಿಪಣಿ ಕೇಂದ್ರದ ತರಬೇತಿಯಲ್ಲಿದ್ದರು. ವಿಯೆಟ್ನಾಂ ಯುದ್ಧದಲ್ಲಿ ಸೇವೆ ಮಾಡಿದ್ದವರು. ತರಗತಿಯಲ್ಲಿ ಅವರು ಕೇಳಿದ್ದು ಇಷ್ಟು: ನನಗೆ ಬರುವ ಆದೇಶ ಬುದ್ಧಿ ಸ್ಥಿಮಿತದಲ್ಲಿರುವ ಅಧ್ಯಕ್ಷರಿಂದಲೇ ಬಂದಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು? ಅವರಿಗೆ ಉತ್ತರ ಸಿಗಲಿಲ್ಲ. ಅದು ನೀನು ತಿಳಿಯಬೇಕಾದ ವಿಷಯ ಅಲ್ಲ ಎಂದರು. ಕೊನೆಗೆ ಕೆಲಸವೇ ಹೋಯಿತು. ಮರುವರ್ಷ, 1974ರಲ್ಲಿ, ಅಧ್ಯಕ್ಷ ನಿಕ್ಸನ್ ರಾಜೀನಾಮೆಯ ಹಿಂದಿನ ದಿನಗಳಲ್ಲಿ ತೀರಾ ಕುಸಿದಿದ್ದರು. ಆಗ ರಕ್ಷಣಾ ಮಂತ್ರಿ ಜೇಮ್ಸ್ ಶ್ಲೆಸಿಂಜರ್, ಶ್ವೇತಭವನದಿಂದ ವಿಚಿತ್ರ ಆದೇಶ ಬಂದರೆ ಮೊದಲು ನನ್ನನ್ನು ಕೇಳಿ ಅಂತ ಸೇನೆಗೆ ಹೇಳಿದ್ದಾಗಿ ವರದಿಯಾಯಿತು. ಅದಕ್ಕೆ ಕಾನೂನಿನ ಯಾವ ಆಧಾರವೂ ಇರಲಿಲ್ಲ.

ಹಾಗಾದರೆ ಸೇನೆ ತಡೆಯುತ್ತದಾ? ಕಾನೂನುಬಾಹಿರ ಆದೇಶವನ್ನು ಒಪ್ಪಬೇಕಿಲ್ಲ ಎಂಬುದು ಅಮೆರಿಕದ ಸೇನೆಯ ನಿಯಮ, ನಿಜ. ಆದರೆ ಚೀಲದೊಳಗಿನ ಯೋಜನೆಗಳನ್ನು ವಕೀಲರು ಮುಂಚೆಯೇ ನೋಡಿ ಒಪ್ಪಿರುತ್ತಾರೆ. ನೆಲದಡಿ ಕೂತ ಇಬ್ಬರಿಗೆ ಆದೇಶ ಬರುತ್ತದೆಯೇ ಹೊರತು ಕಾರಣ ಬರುವುದಿಲ್ಲ. 2017ರ ನವೆಂಬರ್‌ನಲ್ಲಿ ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್‌ನ ವಿದೇಶಾಂಗ ಸಮಿತಿ ಈ ವಿಷಯ ವಿಚಾರಿಸಿತು. ಕಾಂಗ್ರೆಸ್ಸಿನ ವಿದೇಶಾಂಗ ಸಮಿತಿಗಳು ಇದನ್ನು ಕೈಗೆತ್ತಿಕೊಂಡದ್ದು 41 ವರ್ಷಗಳ ನಂತರ. ಅಣ್ವಸ್ತ್ರ ಪಡೆಗಳ ಮುಖ್ಯಸ್ಥರಾಗಿದ್ದ ನಿವೃತ್ತ ಜನರಲ್ ರಾಬರ್ಟ್ ಕೇಲರ್, ಆದೇಶದ ಬಗ್ಗೆ ಸಂಶಯವಿದ್ದರೆ ಮುಂದುವರಿಯಲು ನಾನು ಸಿದ್ಧನಿಲ್ಲ ಅಂತ ಹೇಳುತ್ತಿದ್ದೆ ಎಂದರು. ಆಮೇಲೆ ಏನಾಗುತ್ತದೆ ಅಂತ ಸೆನೆಟರ್ ಒಬ್ಬರು ಕೇಳಿದರು. ಸರಿಯಾಗಿ ಗೊತ್ತಿಲ್ಲ ಅಂತ ಅವರು ಪ್ರಾಮಾಣಿಕವಾಗಿ ಒಪ್ಪಿಕೊಂಡರು.

ಜನರಲ್‌ಗಳು ತಡೆಯುತ್ತಾರೆ ಎಂಬ ಭರವಸೆಯೇ ನನಗೆ ಹಿಡಿಸುವುದಿಲ್ಲ. 2021ರ ಜನವರಿಯಲ್ಲಿ ಅಮೆರಿಕದ ಕೆಳಮನೆಯ ಸ್ಪೀಕರ್ ನ್ಯಾನ್ಸಿ ಪೆಲೋಸಿ ಸೇನಾ ಮುಖ್ಯಸ್ಥ ಮಾರ್ಕ್ ಮಿಲ್ಲಿಗೆ ಫೋನ್ ಮಾಡಿ, ಅಧ್ಯಕ್ಷ ಟ್ರಂಪ್ ಅಣ್ವಸ್ತ್ರ ಬಳಸದಂತೆ ಏನು ವ್ಯವಸ್ಥೆ ಇದೆ ಅಂತ ಕೇಳಿದರು. ಮಿಲ್ಲಿ ಧೈರ್ಯ ಹೇಳಿದರು. ಹಲವರು ನಿಟ್ಟುಸಿರು ಬಿಟ್ಟರು. ಆದರೆ ಯೋಚಿಸಿ, ಜನ ಆರಿಸಿದವರು ಜನ ಆರಿಸದವರ ಹತ್ತಿರ ಧೈರ್ಯ ಕೇಳಬೇಕಾಯಿತು. ಇವತ್ತು ಒಳ್ಳೆಯ ಉದ್ದೇಶಕ್ಕೆ ಆದೇಶ ಮೀರಿದ ಜನರಲ್ ನಾಳೆ ಯಾವುದನ್ನು ಮೀರುತ್ತಾರೋ! 1991ರ ಆಗಸ್ಟ್‌ನಲ್ಲಿ ಸೋವಿಯತ್ ನಾಯಕ ಗೋರ್ಬಚೆವ್ ಅವರನ್ನು, ದಂಗೆಯೆದ್ದ ಅವರದೇ ಸರ್ಕಾರದವರು ಕ್ರೈಮಿಯಾದ ಫೋರೋಸ್‌ನಲ್ಲಿ ಕೂಡಿಹಾಕಿದಾಗ, ಜೊತೆಗಿದ್ದ ಅಣ್ವಸ್ತ್ರ ಪೆಟ್ಟಿಗೆಯ ಅಧಿಕಾರಿಗಳ ಸಂಪರ್ಕವೂ ಕಡಿದುಹೋಯಿತು. ಕುರ್ಚಿ ಯಾರದ್ದು ಅಂತಲೇ ಗೊತ್ತಿಲ್ಲದಾಗ ಕೋಡ್ ಏನು ಮಾಡೀತು?

ಹಾಗಾದರೆ ಏನು ಮಾಡಬಹುದು? ಚರ್ಚೆಯಲ್ಲಿರುವ ದಾರಿಗಳು ಕೆಲವಿವೆ. ಯಾವುದೂ ಪೂರ್ತಿ ಸುರಕ್ಷಿತ ಅಲ್ಲ.

ಮೊದಲು ಬಳಸುವ ತೀರ್ಮಾನಕ್ಕೆ ಮಾತ್ರ ಇನ್ನೊಬ್ಬರ ಸಹಿ ಬೇಕು ಎಂಬುದು ಒಂದು. ಅಮೆರಿಕದಲ್ಲಿ 2016ರಿಂದ, ಕಾಂಗ್ರೆಸ್ ಯುದ್ಧ ಘೋಷಿಸದೆ ಅಧ್ಯಕ್ಷರು ಮೊದಲು ಅಣ್ವಸ್ತ್ರ ಬಳಸಬಾರದು ಎಂಬ ಮಸೂದೆ ಮತ್ತೆ ಮತ್ತೆ ಬರುತ್ತಿದೆ, ಪಾಸಾಗಿಲ್ಲ. ನನಗೆ ಇದು ಸರಿ ಅನಿಸುತ್ತದೆ. ನಮ್ಮ ಮೇಲೆ ಕ್ಷಿಪಣಿ ಬರುತ್ತಿದೆ ಅಂದಾಗ ನಿಮಿಷಗಳ ಲೆಕ್ಕ ಒಪ್ಪೋಣ. ನಾವೇ ಮೊದಲು ಹಾಕುವುದಾದರೆ ಅಂಥ ಅವಸರ ಏನಿದೆ, ಅಲ್ವಾ? ಇದರ ವಿರುದ್ಧದ ವಾದವೂ ಹಗುರದ್ದಲ್ಲ. ಅಮೆರಿಕದ ರಕ್ಷಣೆ ನಂಬಿ ತಾವೇ ಬಾಂಬ್ ಮಾಡದೆ ಕೂತ ದೇಶಗಳಿವೆ. ಸಂಸತ್ತು ಕೈಕಟ್ಟುತ್ತದೆ ಅನಿಸಿದರೆ ಅವು ತಮ್ಮದೇ ಬಾಂಬ್ ಬಗ್ಗೆ ಯೋಚಿಸಬಹುದು. ಸಂಸತ್ತಿನ ಬದಲು ಒಬ್ಬ ಮಂತ್ರಿಯ ಸಹಿ ಸಾಕು ಅಂದರೆ ಬೇಗ ಆಗುತ್ತದೆ. ಆದರೆ ಆ ಮಂತ್ರಿಯನ್ನು ತೆಗೆದು ಹೌದಪ್ಪನನ್ನು ಕೂರಿಸುವುದು ನಾಯಕರಿಗೆ ಕಷ್ಟವೇನಲ್ಲ.

ಇನ್ನೊಂದು ದಾರಿ, ಸಮಯ ಕೊಳ್ಳುವುದು. ಸಿಡಿತಲೆಗಳನ್ನು, ಅಂದರೆ ಕ್ಷಿಪಣಿಯ ತುದಿಯಲ್ಲಿ ಕೂರುವ ಬಾಂಬ್‌ಗಳನ್ನು, ಕ್ಷಿಪಣಿಯಿಂದ ಬೇರೆ ಇಡುವುದು ಅಥವಾ ಹಾರಲು ಹೆಚ್ಚು ಹೊತ್ತು ಬೇಕಾಗುವ ಹಾಗೆ ಇಡುವುದು. ಜಗತ್ತಿನಲ್ಲಿ ಸುಮಾರು 12,000 ಸಿಡಿತಲೆಗಳಿವೆ. ಅದರಲ್ಲಿ ಸುಮಾರು 2,100 ಈ ಕ್ಷಣವೂ ಕ್ಷಿಪಣಿಗಳ ಮೇಲೆ ಕೂತು ಹಾರಲು ಸಿದ್ಧವಾಗಿವೆ, ಹೆಚ್ಚಿನವು ರಷ್ಯಾ ಮತ್ತು ಅಮೆರಿಕದವು. 1983ರ ಸೆಪ್ಟೆಂಬರ್ 26ರ ರಾತ್ರಿ ಸೋವಿಯತ್ ಉಪಗ್ರಹ ವ್ಯವಸ್ಥೆ ಅಮೆರಿಕದಿಂದ ಐದು ಕ್ಷಿಪಣಿ ಬರುತ್ತಿವೆ ಅಂತ ಸುಳ್ಳು ಸುಳಿವು ಕೊಟ್ಟಿತು. ಪಾಳಿಯಲ್ಲಿದ್ದ ಸ್ತಾನಿಸ್ಲಾವ್ ಪೆತ್ರೋವ್ ಅದನ್ನು ನಂಬಲಿಲ್ಲ, ಸುಳ್ಳು ಎಚ್ಚರಿಕೆ ಅಂತಲೇ ವರದಿ ಮಾಡಿದರು. ಸಮಯ ಹೆಚ್ಚಿದ್ದರೆ ಅಂಥ ಒಬ್ಬರ ಮೇಲೆ ಇಡೀ ಜಗತ್ತು ನಿಲ್ಲಬೇಕಿಲ್ಲ. ಇದರ ಅಪಾಯ ಬಿಕ್ಕಟ್ಟಿನಲ್ಲಿದೆ. ಒಬ್ಬರು ಜೋಡಿಸಲು ಶುರು ಮಾಡಿದರೆ ಎದುರಿನವರೂ ಜೋಡಿಸಲು ಓಡುತ್ತಾರೆ. ಸಬ್‌ಮರೀನ್‌ಗಳಲ್ಲಂತೂ ಬೇರೆ ಇಡುವುದು ಕಷ್ಟ. ಭಾರತವೂ ಅಣ್ವಸ್ತ್ರ ಕ್ಷಿಪಣಿ ಹೊರುವ ಅರಿಹಂತ್ ಸಬ್‌ಮರೀನ್ ಬಂದ ಮೇಲೆ ಇದೇ ಪ್ರಶ್ನೆ ಎದುರಿಸುತ್ತಿದೆ.

ಮೂರನೆಯ ದಾರಿ ನೋಡಲು ಸಪ್ಪೆ. ನನ್ನ ಪಾಲಿಗೆ ಅದೇ ಮುಖ್ಯ: ಲೆಕ್ಕ ಕೇಳುವುದು. 1947ರಲ್ಲಿ ಬ್ರಿಟನ್ ಬಾಂಬ್ ಮಾಡಬೇಕೆಂದು ತೀರ್ಮಾನಿಸಿದ್ದು ಪ್ರಧಾನಿ ಅಟ್ಲಿ ಮತ್ತು ಕೆಲವೇ ಮಂತ್ರಿಗಳು. ಇಡೀ ಸಂಪುಟಕ್ಕೂ ಗೊತ್ತಿರಲಿಲ್ಲ. 1970ರ ದಶಕದಲ್ಲಿ ಅದೇ ದೇಶ ಸಬ್‌ಮರೀನ್ ಕ್ಷಿಪಣಿಗಳ ಸಿಡಿತಲೆಗಳನ್ನು ಸುಧಾರಿಸುವ ಶೆವಲೀನ್ ಎಂಬ ಗುಟ್ಟಿನ ಯೋಜನೆ ನಡೆಸಿತು. ಎರಡೂ ಪಕ್ಷಗಳ ಸರ್ಕಾರಗಳು ಅದನ್ನು ಮುಚ್ಚಿಟ್ಟವು. 1980ರಲ್ಲಿ ಸಂಸತ್ತಿಗೆ ತಿಳಿದಾಗ ವೆಚ್ಚ 100 ಕೋಟಿ ಪೌಂಡ್ ಮುಟ್ಟಿತ್ತು. ದಕ್ಷಿಣ ಆಫ್ರಿಕಾ ಆರು ಬಾಂಬ್ ಮಾಡಿ, ಕಳಚಿಯೂ ಹಾಕಿತು. ಅಧ್ಯಕ್ಷ ಡಿ ಕ್ಲರ್ಕ್ 1993ರ ಮಾರ್ಚ್‌ನಲ್ಲಿ ಸಂಸತ್ತಿನಲ್ಲಿ ಹೇಳಿದ ಮೇಲೆಯೇ ಜನರಿಗೆ ಅದು ಖಚಿತವಾಗಿ ತಿಳಿದದ್ದು.

ಲೆಕ್ಕ ಕೇಳಿದ ಕಡೆ ಫಲ ಕಂಡಿದೆ. 2007ರ ಆಗಸ್ಟ್‌ನಲ್ಲಿ ಅಮೆರಿಕದ ಒಂದು ಬಿ-52 ವಿಮಾನ ಆರು ಅಣು ಸಿಡಿತಲೆಗಳನ್ನು ತಪ್ಪಾಗಿ ಹೊತ್ತು ಮೈನಾಟ್ ನೆಲೆಯಿಂದ ಬಾರ್ಕ್ಸ್‌ಡೇಲ್ ನೆಲೆಗೆ ಹಾರಿತು. ಸುಮಾರು 36 ಗಂಟೆ ಯಾರಿಗೂ ಅರಿವಿರಲಿಲ್ಲ. ವಿಷಯ ಹೊರಬಂತು, ತನಿಖೆಗಳಾದವು. ಸಿಡಿತಲೆಯ ಭಾಗಗಳು ತೈವಾನಿಗೆ ತಪ್ಪಾಗಿ ಹೋಗಿದ್ದ ಇನ್ನೊಂದು ಪ್ರಕರಣವೂ ಆಮೇಲೆ ಬೆಳಕಿಗೆ ಬಂದು, 2008ರಲ್ಲಿ ವಾಯುಪಡೆಯ ಮಂತ್ರಿ ಮತ್ತು ಮುಖ್ಯಸ್ಥ ಇಬ್ಬರೂ ಕುರ್ಚಿ ಬಿಡಬೇಕಾಯಿತು. 2024ರಲ್ಲಿ ಸೆಂಟಿನೆಲ್ ಕ್ಷಿಪಣಿ ಯೋಜನೆಯ ಅಂದಾಜು ಶೇ. 81ರಷ್ಟು ಏರಿ ಸುಮಾರು 14,100 ಕೋಟಿ ಡಾಲರ್ ಮುಟ್ಟಿತು. ವೆಚ್ಚ ಮಿತಿ ಮೀರಿದರೆ ಕಾಂಗ್ರೆಸ್ಸಿಗೆ ಹೇಳಲೇಬೇಕೆಂಬ ಕಾನೂನು ಇದ್ದದ್ದರಿಂದ ಎಲ್ಲರಿಗೂ ತಿಳಿಯಿತು. ಯೋಜನೆ ನಿಲ್ಲಲಿಲ್ಲ. ಆದರೂ ಚರ್ಚೆ ಆಯಿತು.

ಇದರಲ್ಲೂ ಅಪಾಯ ಇದೆ. ಗುಟ್ಟಿನ ಸಮಿತಿಗೆ ಸೇರಿದ ಸಂಸದರ ಬಾಯಿಯೂ ಗುಟ್ಟಿನಲ್ಲಿ ಕಟ್ಟಿಹೋಗುತ್ತದೆ. ಕೆಲವು ಸಂಗತಿಗಳು ನಿಜವಾಗಿಯೂ ಗುಟ್ಟಾಗಿರಬೇಕು: ಕೋಡ್‌ಗಳು, ಇಟ್ಟ ಜಾಗಗಳು, ಬಾಂಬಿನ ವಿನ್ಯಾಸ. ಆದರೆ ಎಷ್ಟು ಖರ್ಚು, ಎಷ್ಟು ಅಪಘಾತ, ಆದೇಶ ಕೊಡುವ ಅಧಿಕಾರ ಯಾರಿಗೆ, ಅವರು ಇಲ್ಲದಿದ್ದರೆ ಯಾರಿಗೆ? ಇವುಗಳನ್ನು ಹೇಳಿದರೆ ಯಾವ ಶತ್ರುವಿಗೂ ಲಾಭವಿಲ್ಲ. ಭದ್ರತೆಯ ಹೆಸರಿನಲ್ಲಿ ಇವನ್ನೂ ಮುಚ್ಚಿಡುವುದನ್ನು ನಾನು ಒಪ್ಪುವುದಿಲ್ಲ.

ಆ ಹುಡುಗಿಗೆ ನಿಜವನ್ನೇ ಹೇಳಿ ಮೇಡಂ. ಹಾಕುವಾಗ ಜನರನ್ನು ಕೇಳುವುದಿಲ್ಲ. ಮಾಡುವಾಗ, ಇಡುವಾಗ, ದುಡ್ಡು ಎತ್ತುವಾಗ ಕೇಳಬೇಕು, ಅದಕ್ಕೆ ವರ್ಷಗಟ್ಟಲೆ ಸಮಯ ಇದೆ. ಒಬ್ಬ ಕಾವಲುಗಾರನನ್ನು ಕಂಡು ವಾಪಸು ಬಂದ ಆ ಸಂಸದರ ಕಥೆ ಹೇಳಿ. ಆಮೇಲೆ ಮೇಜರ್ ಹೆರಿಂಗ್ ಕೇಳಿದ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದು, ನೀವಾಗಿದ್ದರೆ ಏನು ಉತ್ತರ ಕೊಡುತ್ತಿದ್ದಿರಿ ಅಂತ ಮಕ್ಕಳನ್ನೇ ಕೇಳಿ. ಅವರು ಏನು ಹೇಳಿದರು ಅಂತ ನನಗೆ ಬರೆಯಿರಿ.